ಅಂಕಮ್ಮ ಎರವಲು ತಂದ ಮಗು

ಯಲಿಯೂರಿನಲ್ಲಿ ಯಾರ ಮನೆಗೆ ಯಾರ ಮಗಳು ಹೋಗಬೇಕು ಎಂಬುದು ಬಹಳ ವರ್ಷ ಅಂಕಮ್ಮನ ಜಗಲಿಯ ಮೇಲೆ ತೀರ್ಮಾನವಾಗುತ್ತಿತ್ತು. ಅದಕ್ಕೆ ಅವಳು ಯಾರಿಂದಲೂ ಏನೂ ಬಯಸುತ್ತಿರಲಿಲ್ಲ. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಕೂರಿಸಿ, ಪಾಯಸ ಬಡಿಸುವಾಗ ಎರಡನೇ ಸಲ ಕೇಳಿದರೆ ಸಾಕು. ಗಂಡ ಬೋರಯ್ಯ ತೀರಿಹೋದ ಮೇಲೆ ಗದ್ದೆ, ಕಬ್ಬು ಎಲ್ಲವನ್ನೂ ಮಗ ಮಹದೇವು ನೋಡಿಕೊಂಡ. ಎಮ್ಮೆಗಳೂ ಊರಿನ ಸಂಬಂಧಗಳೂ ಅಂಕಮ್ಮನ ಪಾಲಿಗೆ ಉಳಿದವು.

ಸಂಬಂಧದ ವಿಷಯದಲ್ಲಿ ಅವಳದು ಒಂದೇ ಮಾತು.

"ಒರಗಿನ ಎಣ್ಣು ತರದು ಅಂದ್ರೆ ಮುಚ್ಚಿದ್ ಗಡಿಗೆ ಕೊಂಡಂಗೆ ಕಣವ್ವ. ಒಳಗೆ ಏನದೆಯೋ ಯಾರಿಗ್ ಗೊತ್ತು? ಮನೆ ಎಣ್ಣಾದ್ರೆ ಒಲೆ ಮೇಲಿನ ಸಾರು. ರುಚಿ ನೋಡೇ ಬಡಿಸ್ಕಬೋದು."

ಊರಿಗೆ ಹೇಳಿದ್ದನ್ನು ಮನೆಯಲ್ಲಿ ಮಾಡದಿದ್ದರೆ ಹೇಗೆ? ಮಹದೇವು ಮದುವೆಗೆ ಬಂದಾಗ ಅಂಕಮ್ಮ ಮಳವಳ್ಳಿಯಲ್ಲಿದ್ದ ತನ್ನ ಹಿರಿಯ ಮಗಳು ಕುಸುಮನ ಮನೆಗೆ ಹೋಗಿ, ಅವಳ ಮಗಳು ಕವಿತಳನ್ನು ಕೇಳಿದಳು. ಕುಸುಮ ಮುಖ ಗಂಟಿಕ್ಕಿಕೊಂಡಳು.

"ಅವ್ವ, ನನ್ ತಮ್ಮನ್ಗೇ ನನ್ ಮಗಳಾ? ರಕ್ತಸಂಬಂದ ಬ್ಯಾಡ ಅಂತಾರೆ ಡಾಕ್ಟ್ರು."

"ಡಾಕ್ಟ್ರು ಉಪ್ಪೂ ಬ್ಯಾಡ ಅಂತಾರೆ. ನಿನ್ ಸಾರಲ್ಲಿ ಏನ್ ಕಮ್ಮಿ ಆಗದೆ?"

ಮದುವೆ ಆಯಿತು. ಕವಿತ ಮದುವೆಗೆ ಮುಂಚೆ ಅಂಕಮ್ಮನನ್ನು ಅಜ್ಜಿ ಅನ್ನುತ್ತಿದ್ದಳು, ಆಮೇಲೂ ಅಜ್ಜಿ ಅಂದಳು. ಮಹದೇವುವನ್ನು ಮಾವ ಅನ್ನುತ್ತಿದ್ದಳು, ಆಮೇಲೂ ಮಾವ ಅಂದಳು. ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಮನೆ ಹೆಣ್ಣು ತಂದರೆ ಇದೇ ಅನುಕೂಲ ಎಂದು ಅಂಕಮ್ಮ ಊರಿಗೆಲ್ಲ ತೋರಿಸಿದಳು.

ಕವಿತ ಪಿಯುಸಿ ಓದಿದ್ದವಳು, ಮಂಡ್ಯದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬಸುರಿಯಾಗಿ ತಪಾಸಣೆಗೆ ಹೋದಾಗ ಅಲ್ಲಿ ಯಾರೋ ಕೇಳಿದರೆಂದು ಒಂದು ಸಂಶೋಧನೆಗೆ ಸೇರಿಕೊಂಡು ಬಂದಳು. ಬೆಂಗಳೂರಿನ ಮೆದುಳಿನ ಡಾಕ್ಟರುಗಳು ಮದ್ದೂರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಸುತ್ತಲಿನ ಊರಿನ ಮಕ್ಕಳ ಮೆದುಳು ತಾಯಿಯ ಹೊಟ್ಟೆಯಿಂದ ಹಿಡಿದು ಶಾಲೆಗೆ ಸೇರುವ ತನಕ ಹೇಗೆ ಬೆಳೆಯುತ್ತದೆ, ಕೆಲವು ಮಕ್ಕಳಿಗೆ ಮಾತು ಯಾಕೆ ತಡವಾಗುತ್ತದೆ, ಕೆಲವು ಮಕ್ಕಳು ಎದುರಿಗಿರುವವರ ಮುಖ ಯಾಕೆ ನೋಡುವುದಿಲ್ಲ, ಅದರ ಗುರುತನ್ನು ಎಷ್ಟು ಬೇಗ ಹಿಡಿಯಬಹುದು ಎಂದು ಅಲ್ಲಿ ನೋಡುತ್ತಿದ್ದರು.

"ಕೂಸು ಬೆಳೆದ್ರೆ ಮೆದುಳೂ ಬೆಳೀತದೆ. ಅದೇನ್ ಕುಂಬಳಕಾಯಾ, ಬೇರೆ ಬಳ್ಳೀಲಿ ಬುಡಕ್ಕೆ?" ಎಂದಳು ಅಂಕಮ್ಮ.

"ಸುಮ್ಕಿರಜ್ಜಿ," ಎಂದಳು ಕವಿತ.

ದೀಪಿಕ ಹುಟ್ಟಿದಳು. ಅಂಕಮ್ಮನಿಗೆ ಮಗನ ಕಡೆಯಿಂದ ಮೊಮ್ಮಗಳು, ಮಗಳ ಕಡೆಯಿಂದ ಮರಿಮಗಳು. ಒಂದೇ ಕೂಸಿನಲ್ಲಿ ಎರಡು ಸಂಬಂಧ ಬಂತು ಎಂದು ಸಕ್ಕರೆ ಹಂಚಿದಳು.

ಕೆಲವು ತಿಂಗಳಿಗೊಮ್ಮೆ ಕವಿತ ಮಗುವನ್ನು ಮದ್ದೂರಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ತಲೆಯ ಸುತ್ತಳತೆ ತೆಗೆಯುತ್ತಿದ್ದರು, ಮರದ ತುಂಡುಗಳನ್ನು ಕೊಟ್ಟು ಆಡಿಸುತ್ತಿದ್ದರು, ಈರುಳ್ಳಿ ಚೀಲದಂಥ ಒಂದು ಬಲೆ ಟೋಪಿಯನ್ನು ತಲೆಗೆ ಹಾಕುತ್ತಿದ್ದರು. ಆ ಟೋಪಿಯ ತುಂಬ ಒದ್ದೆ ಗುಂಡಿಗಳು, ಗುಂಡಿಗಳಿಂದ ತಂತಿಗಳು. ಮಗು ಚಿತ್ರ ನೋಡುವಾಗ ಮೆದುಳಿನಲ್ಲಿ ಆಗುವ ಸಣ್ಣ ಕರೆಂಟನ್ನು ಅದು ಹೊರಗಿನಿಂದಲೇ ಹಿಡಿಯುತ್ತದಂತೆ. ಬೇರೆ ಮಕ್ಕಳು ಟೋಪಿ ಕಂಡರೆ ಕಟ್ಟಡ ಬೀಳುವ ಹಾಗೆ ಕಿರುಚುತ್ತಿದ್ದವು. ದೀಪಿಕ ಗಂಭೀರವಾಗಿ ಕೂತಿರುತ್ತಿದ್ದಳು. ಅದು ಮನೆತನದ ಗುಣ ಎಂದಳು ಅಂಕಮ್ಮ.

ಎರಡು ವರ್ಷ ದಾಟಿದರೂ ದೀಪಿಕಳ ಬಾಯಿಂದ ಒಂದು ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳದು ಎನ್ನೋಣವೆಂದರೆ ರೈಲು ಇನ್ನೂ ದೂರದಲ್ಲಿರುವಾಗಲೇ ಎದ್ದು ಬಾಗಿಲಿಗೆ ಓಡುತ್ತಿದ್ದಳು. ಜಗಲಿಯ ಮೇಲೆ ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಯಾರಾದರೂ ಒಂದು ಬೀಜ ಅತ್ತಿತ್ತ ಮಾಡಿದರೆ ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಅಂಕಮ್ಮ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದಳು. ಬೋರಯ್ಯನಿಗೂ ಮಾತು ತಡ. ಹೆಣ್ಣು ಮಾತಾಡದಿದ್ದರೆ ಒಳ್ಳೆಯದೇ. ಹಲ್ಲು ಬಂದ ಮೇಲೆ ಮಾತು ಬರುತ್ತದೆ. ಹಲ್ಲು ಎಲ್ಲ ಬಂದಾದ ಮೇಲೆ ಆ ಕಾರಣವನ್ನು ಬಿಟ್ಟಳು.

ಪಕ್ಕದ ಮನೆಯ ಪಟ್ಟಲಮ್ಮನ ಮೊಮ್ಮಗಳು ರಂಜಿತ ಹುಟ್ಟಿದ್ದೂ ಅದೇ ತಿಂಗಳು. ಅವಳು ಎದ್ದಾಗ ತೆರೆದ ಬಾಯನ್ನು ಮಲಗಿದ ಮೇಲೆ ಮುಚ್ಚುತ್ತಿದ್ದಳು.

"ನಮ್ಮುಡ್ಗಿ ಬಾಯಿಗೆ ಬೀಗ ಬೇಕು ಕಣಕ್ಕ," ಎಂದಳು ಪಟ್ಟಲಮ್ಮ ನಲ್ಲಿಯ ಹತ್ತಿರ. "ನಿಮ್ಮುಡ್ಗಿ ಬಾಯಿಗೆ ಬೀಗದ್ಕೈ ಬೇಕು."

ಪಟ್ಟಲಮ್ಮನ ಮಾತಿನಲ್ಲಿ ನಗೆ ಇತ್ತು. ಅವಳ ಹಿಂದೆ ಬಿಂದಿಗೆ ಹಿಡಿದು ನಿಂತಿದ್ದವಳ ಮಾತಿನಲ್ಲಿ ಇರಲಿಲ್ಲ. "ಮನೆಯೊಳ್ಗೇ ಕೊಟ್ಟು ತಂದ್ರೆ ಇಂಗಾಯ್ತದಂತೆ. ಟೀವೀಲಿ ಯೋಳ್ತಿದ್ರು."

ಅಂಕಮ್ಮ ಬಿಂದಿಗೆ ಪೂರ್ತಿ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಹೋದ ಸಲ ಮದ್ದೂರಿನಿಂದ ಬಂದಾಗ ಕವಿತ ಒಂದು ವಿಷಯ ಹೇಳಿದ್ದಳು. ಅಲ್ಲಿನ ಡಾಕ್ಟರು ರಂಜನಿ, "ನೀವು ಗಂಡ ಹೆಂಡತಿ ಮೊದಲೇ ಸಂಬಂಧವಾ?" ಎಂದು ಕೇಳಿದ್ದರಂತೆ. ಮುಂದಿನ ಸಲ ಸರಿಯಾಗಿ ಪರೀಕ್ಷೆ ಮಾಡಿ, ಮಗುವಿಗೆ ತೊಂದರೆ ಇದೆಯೋ ಇಲ್ಲವೋ ಹೇಳುತ್ತೇನೆ ಅಂದಿದ್ದರಂತೆ. ಇದೆ ಎಂದರೆ ಮಳವಳ್ಳಿಯಿಂದ ಕುಸುಮ ಏನು ಹೇಳುತ್ತಾಳೆ ಎಂಬುದು ಅಂಕಮ್ಮನಿಗೆ ಗೊತ್ತಿತ್ತು. ತಾನು ಕೂಡಿಸಿದ ಸಂಬಂಧಗಳ ಮನೆಗಳು ಊರಿನಲ್ಲಿ ಬೀದಿಗೆರಡು ಇದ್ದವು. ಅವರೆಲ್ಲ ಏನು ಹೇಳುತ್ತಾರೆ ಎಂಬುದು ಗೊತ್ತಿರಲಿಲ್ಲ.

ಆ ಪರೀಕ್ಷೆಯ ದಿನ ಬಂತು. ಗಾರ್ಮೆಂಟ್ಸಿನಲ್ಲಿ ಕವಿತಳಿಗೆ ರಜೆ ಕೊಡಲಿಲ್ಲ. ಮಹದೇವುಗೆ ಅದೇ ದಿನ ಕಬ್ಬು ಕಡಿಯುವವರು ಬಂದರು.

"ಅಜ್ಜಿ, ನೀನೇ ಕರ್ಕಂಡ್ ಹೋಗು," ಎಂದಳು ಕವಿತ. "ಕೂಸು ಏನಾದ್ರೂ ಮಾಡ್ದಿದ್ರೆ ಮಾಡಲ್ಲ ಅನ್ನು. ಜಂಬ ಕೊಚ್ಕಬ್ಯಾಡ."

"ನಾನ್ಯಾಕವ್ವ ಜಂಬ ಕೊಚ್ಕಳ್ಳಿ?" ಎಂದಳು ಅಂಕಮ್ಮ.

ಕವಿತ ಹೋದ ಮೇಲೆ ಅವಳು ಪಟ್ಟಲಮ್ಮನ ಬಾಗಿಲಿಗೆ ಹೋದಳು.

"ಪಟ್ಟಲಮ್ಮ, ನಿನ್ ಮೊಮ್ಮಗಳ ವಸಿ ಕೊಡವ್ವ. ಸಂದೆಗೆ ತಂದ್ಬುಡ್ತೀನಿ."

ಮಗುವನ್ನು ಎರವಲು ಕೇಳುವುದು ಊರಿನಲ್ಲಿ ಹೊಸದಲ್ಲ. ಹೊಸ ಸೊಸೆ ಮನೆ ತುಂಬುವಾಗ ಮಡಿಲಲ್ಲಿ ಒಂದು ಮಗುವನ್ನು ಕೂರಿಸಬೇಕು. ದುಂಡಗೆ, ಅಳದೆ ಕೂರುವ ಮಗು ಯಾರ ಮನೆಯಲ್ಲಿದೆಯೋ ಅಲ್ಲಿಂದ ತರುತ್ತಾರೆ, ಕೆಲಸವಾದ ಮೇಲೆ ಕೈಗೆ ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ. ಗಂಡುಮಗು ಸಿಗದ ಒಂದು ಮದುವೆಯಲ್ಲಿ ರಂಜಿತಳನ್ನೇ ಕೂರಿಸಿದ್ದರು. ಆ ಸೊಸೆ ಈಗ ಬಸುರಿ. ಆದ್ದರಿಂದ ರಂಜಿತಳಿಗೆ ಒಳ್ಳೆಯ ಹೆಸರಿತ್ತು.

"ಯಾರ್ ಮದ್ವೆ?" ಎಂದಳು ಪಟ್ಟಲಮ್ಮ.

"ಮದ್ವೆ ಅಲ್ಲ. ಮದ್ದೂರ್ಗೆ."

"ಸೂಜಿ ಗೀಜಿ ಚುಚ್ಚಲ್ಲ ತಾನೆ?"

"ಟೋಪಿ ಆಕ್ತಾರೆ ಅಷ್ಟೆ. ನಮ್ ಕೂಸ ನೋಡ್ಕತಿರು. ಬೀಜ ಮುಟ್ಬ್ಯಾಡ."

ರಂಜಿತ ರೈಲಿನಲ್ಲಿ ಮದ್ದೂರಿನ ತನಕ ಮಾತಾಡಿದಳು. ಹಸು ಅಂದಳು, ಕಬ್ಬಿನ ಗಾಡಿ ಅಂದಳು, ಪಕ್ಕದಲ್ಲಿ ಕೂತಿದ್ದವನ ಮೀಸೆ ಯಾಕೆ ಹಾಗಿದೆ ಎಂದು ಕೇಳಿದಳು. ಅಂಕಮ್ಮನಿಗೆ ಇಂಥ ಮಗುವಿನ ಜೊತೆ ಎಲ್ಲಿಗಾದರೂ ಹೋಗಬಹುದು ಅನ್ನಿಸಿತು.

ಆ ದಿನ ರಂಜನಿ ಬೆಂಗಳೂರಿಗೆ ಹೋಗಿದ್ದರು. ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಳು, ಅವಳು ದೀಪಿಕಳನ್ನು ನೋಡಿದವಳಲ್ಲ. ಅಂಕಮ್ಮ ತಾಯಿ ಕಾರ್ಡು ಕೊಟ್ಟಳು, ಹುಡುಗಿ ನೋಡಿ ವಾಪಸು ಕೊಟ್ಟಳು.

"ನಿನ್ನ ಹೆಸರೇನು ಪುಟ್ಟಾ?"

"ರಂಜಿತ."

"ಅದು ಮನೇಲಿ ಕರ್ಯೋ ಎಸ್ರು," ಎಂದಳು ಅಂಕಮ್ಮ.

ಹುಡುಗಿ ತುಂಡಿನ ಮೇಲೆ ತುಂಡು ಇಡು ಅಂದರೆ ರಂಜಿತ ಗೋಪುರ ಕಟ್ಟಿದಳು. ನಾಯಿ ಎಲ್ಲಿ ಅಂದರೆ ನಾಯಿಯನ್ನು ತೋರಿಸಿ, ಅದು ತಮ್ಮ ಬೀದಿಯ ನಾಯಿಯಷ್ಟು ದಪ್ಪ ಇಲ್ಲ ಅಂದಳು. ಟೋಪಿ ಹಾಕಲು ಬಂದಾಗ ಮಾತ್ರ ಅತ್ತು ಕಿತ್ತು ಬಿಸಾಡಿದಳು. ಹುಡುಗಿ ಹೋಗಲಿ ಬಿಡಿ ಎಂದು ತಲೆಗೆ ಟೇಪು ಸುತ್ತಿದಳು. ನೋಡಿದಳು. ಮತ್ತೆ ಸುತ್ತಿದಳು. ಒಳಗೆ ಹೋಗಿ ಬೇರೆ ಟೇಪು ತಂದು ಸುತ್ತಿದಳು.

"ಏನವ್ವ, ಅಳತೆ ಸರಿಯಾಗಿ ಬತ್ತಿಲ್ವಾ?"

"ಏನಿಲ್ಲ ಅಜ್ಜಿ. ಮಗು ತುಂಬಾ ಚೆನ್ನಾಗಿ ಮಾಡಿದಾಳೆ. ನೀವು ಹೊರಡಿ."

ಸಂಜೆ ಕವಿತ ಬಾಗಿಲಲ್ಲಿ ಚಪ್ಪಲಿ ಕೂಡ ಬಿಡದೆ ಕೇಳಿದಳು. "ಏನಂದ್ರು?"

"ಬಲು ಸಂದಾಗಿ ಮಾಡದೆ ಅಂದ್ರು."

ಹುಡುಗಿ ಹೇಳಿದ್ದೂ ಅಷ್ಟೇ ಆದ್ದರಿಂದ ಅಂಕಮ್ಮನಿಗೆ ನಾಲಿಗೆ ತಡವರಿಸಲಿಲ್ಲ. ಕವಿತ ಅಲ್ಲೇ ಹೊಸಿಲ ಮೇಲೆ ಕೂತು ಅತ್ತಳು. ಆಮೇಲೆ ಎದ್ದು ಮಳವಳ್ಳಿಗೆ ಫೋನು ಮಾಡಿ, "ಅಮ್ಮ, ಏನೂ ಇಲ್ವಂತೆ, ನಂಗೇ ಬುದ್ಧಿ ಇಲ್ಲ, ಸುಮ್ನೆ ಹೆದ್ರಿದ್ದೆ," ಎಂದಳು. ದೀಪಿಕ ಮೂಲೆಯಲ್ಲಿ ಬೀಜ ಜೋಡಿಸುತ್ತಿದ್ದಳು. ಕವಿತ ಹೆಸರು ಹಿಡಿದು ಕರೆದಳು. ಮಗು ತಿರುಗಲಿಲ್ಲ. ಹಿಂದೆಲ್ಲ ಹೀಗಾದಾಗ ಕವಿತಳ ಮುಖ ಇಳಿದುಹೋಗುತ್ತಿತ್ತು. ಈ ಸಲ ಅವಳು, "ನೋಡು, ಬೇಕಂತ ಮಾಡ್ತದೆ ಕಳ್ಳಿ," ಎಂದು ನಕ್ಕಳು. ಅಂಕಮ್ಮ ಎಮ್ಮೆಗೆ ಹುಲ್ಲು ಹಾಕಬೇಕೆಂದು ಎದ್ದು ಹೋದಳು. ಹುಲ್ಲು ಆಗಲೇ ಹಾಕಿ ಆಗಿತ್ತು.

ವಾರ ಕಳೆಯುವ ಮೊದಲೇ ರಂಜನಿಯ ಫೋನು ಬಂತು. ಕವಿತ ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದಳು.

"ಕವಿತಾ, ದೀಪಿಕ ಎಲ್ಲಾನೂ ಮಾಡಿದಾಳೆ. ಅದೇ ನಮಗೆ ಆಶ್ಚರ್ಯ. ಆದ್ರೆ ತಲೆಯ ಸುತ್ತಳತೆ ಹೋದ ಸಲಕ್ಕಿಂತ ಕಡಿಮೆ ಬಂದಿದೆ. ಒಂದು ಬೆರಳಿನಷ್ಟು. ಮೆದುಳು ಬೆಳೆದ ಹಾಗೆ ತಲೆ ದೊಡ್ಡದಾಗಬೇಕು, ಸಣ್ಣದಾಗಲ್ಲ. ಅಳತೆ ತಪ್ಪಿರಬಹುದು, ಗಾಬರಿ ಬೇಡ. ಆದ್ರೆ ಬೇಗ ಕರ್ಕೊಂಡು ಬನ್ನಿ. ಬೇಕಾದ್ರೆ ಬೆಂಗಳೂರಲ್ಲಿ ಸ್ಕ್ಯಾನ್ ಮಾಡಿಸೋಣ."

ಗಾಬರಿ ಬೇಡ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮನೆಯಲ್ಲಿ ಗಾಬರಿ ಶುರುವಾಯಿತು.

"ತಲೆ ಕಿರಿದಾಗದು ಅಂದ್ರೇನು?" ಎಂದ ಮಹದೇವು. "ಒಗೆದ್ ಬಟ್ಟೆನಾ, ಗಿಡ್ಡಾಗಕ್ಕೆ?"

"ಅವ್ರ ಟೇಪು ಸರಿ ಇಲ್ಲ ಕಣ್ಲಾ," ಎಂದಳು ಅಂಕಮ್ಮ. "ಬುಡು ಅತ್ಲಾಗೆ."

ಕವಿತ ಒಳಗಿನಿಂದ ತನ್ನ ಹೊಲಿಗೆಯ ಟೇಪು ತಂದಳು. ಟೇಪು ಹಿಡಿಯುವುದು ಅವಳ ದಿನದ ಕೆಲಸ. ಮಗುವಿನ ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದಲೆಯ ಉಬ್ಬಿನ ಮೇಲೆ, ಅಲ್ಲಿ ಹೇಗೆ ಅಳೆಯುತ್ತಾರೆಂದು ನೋಡಿದ್ದಳೋ ಹಾಗೇ ಸುತ್ತಿದಳು. ತಲೆ ಕಾರ್ಡಿನಲ್ಲಿ ಬರೆದಿದ್ದ ಹಿಂದಿನ ಅಳತೆಗಿಂತ ಸ್ವಲ್ಪ ದೊಡ್ಡದೇ ಆಗಿತ್ತು. ಮತ್ತೊಮ್ಮೆ ಸುತ್ತಿದಳು. ಹಾಗೇ ಇತ್ತು.

"ನನ್ನ ಅಳತೆ ತಪ್ಪಲ್ಲ ಮಾವ."

"ಅಂಗಾರೆ ಅವತ್ತು ಅವ್ರು ಬ್ಯಾರೆ ಯಾರ್ದೋ ತಲೆ ಅಳೆದವ್ರೆ," ಎಂದ ಮಹದೇವು, ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದ.

ಅಂಕಮ್ಮ ಸೆರಗಿನ ತುದಿ ನೋಡಿಕೊಂಡಳು.

"ಊಂ. ರಂಜಿತಂದು."

ಮಹದೇವು ನಗಲು ಶುರುಮಾಡಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ಏನಂದೆ ಅಜ್ಜಿ?"

"ರಂಜಿತನ್ನ ಕರ್ಕಂಡೋಗಿದ್ದೆ ಅಂದೆ. ನಮ್ ಕೂಸು ಪಟ್ಟಲಮ್ಮನ ಮನೇಲಿತ್ತು."

"ಯಾಕೆ?"

"ನಿನ್ನ ಇವ್ನಿಗೆ ಕಟ್ಟಿದೋಳು ನಾನು. ಕೂಸಲ್ಲಿ ಕೊರೆ ಅದೆ ಅಂದ್ರೆ ನನ್ ಅಣೆ ಮ್ಯಾಲೆ ಬರ್ದಂಗೆ ಅಲ್ವಾ?"

ಕವಿತ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. "ಏನೂ ಇಲ್ಲ ಅಂತ ಅವ್ರೇ ಅಂದವ್ರೆ, ಇವ್ಳು ಬೇಕಂತ ಮಾಡ್ತಾಳೆ ಅನ್ಕಂಡೆ. ನೆನ್ನೆ ಕರೆದ್ರೆ ತಿರುಗ್ಲಿಲ್ಲ ಅಂತ ಹೊಡೆದೆ ಅಜ್ಜಿ. ಎರಡು ವರ್ಷದಿಂದ ಒಂದ್ ಏಟು ಹಾಕಿರ್ಲಿಲ್ಲ."



ಮಾರನೆಯ ದಿನ ಕವಿತ ಕೆಲಸ ಹೋದರೆ ಹೋಗಲಿ ಎಂದು ರಜೆ ಹಾಕಿದಳು. ಅಂಕಮ್ಮನೂ ಜೊತೆಗೆ ಹೊರಟಳು. ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ರೈಲಿನಲ್ಲಿ ಎದುರು ಬದುರು ಕೂತರು. ಕವಿತ ಮದ್ದೂರಿನ ತನಕ ಕಿಟಕಿಯ ಹೊರಗೆ ನೋಡಿದಳು.

ರಂಜನಿ ದೀಪಿಕಳ ತಲೆಗೆ ಟೇಪು ಸುತ್ತಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅಂಕಮ್ಮ ಕೂತಲ್ಲಿಂದಲೇ ನಡೆದದ್ದೆಲ್ಲವನ್ನೂ ಹೇಳಿದಳು. ರಂಜನಿ ಟೇಪು ಮಡಿಸಿಟ್ಟರು.

"ಅಜ್ಜಿ, ನಾನು ಬೆಂಗಳೂರಿಗೆಲ್ಲ ಫೋನ್ ಮಾಡಿದ್ದೆ. ನಮ್ಮ ದೊಡ್ಡ ಡಾಕ್ಟರು ಇಂಥ ಮಗುವನ್ನ ನಾನು ಎಲ್ಲೂ ನೋಡಿಲ್ಲ ಅಂದ್ರು."

"ಅವ್ರು ಅಂದಿದ್ದು ಸರಿನೇ ಕಣವ್ವ," ಎಂದಳು ಅಂಕಮ್ಮ.

ರಂಜನಿ ದೀಪಿಕಳ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ಆಡಿದರು. ಆಮೇಲೆ ಹಾಳೆಯ ಮೇಲೆ ಮನೆಯವರನ್ನೆಲ್ಲ ಬರೆದರು. ಹೆಂಗಸಿಗೆ ಸುತ್ತು, ಗಂಡಸಿಗೆ ಚೌಕ, ಗಂಡ ಹೆಂಡತಿಗೆ ನಡುವೆ ಒಂದು ಗೆರೆ. ಮಹದೇವುಗೂ ಕವಿತಳಿಗೂ ನಡುವೆ ಎರಡು ಗೆರೆ ಎಳೆದರು.

"ಇದ್ಯಾಕೆ ಎರಡು?"

"ರಕ್ತಸಂಬಂಧದ ಮದುವೆಗೆ ಎರಡು ಎಳೀತೀವಿ ಅಜ್ಜಿ."

"ಅದ ಎಳ್ದೋಳು ನಾನೇ. ಅದ್ರಿಂದ್ಲೇನಾ ಕೂಸು ಇಂಗಾಗಿರದು? ಇದ್ದದ್ದ ಇದ್ದಂಗೆ ಯೋಳ್ಬುಡವ್ವ."

"ಗೊತ್ತಿಲ್ಲ," ಎಂದರು ರಂಜನಿ. "ಸಂಬಂಧದಲ್ಲಿ ಮದುವೆಯಾದ್ರೆ ಕೆಲವು ಕಾಯಿಲೆ ಮಕ್ಕಳಿಗೆ ಬರೋ ಸಾಧ್ಯತೆ ಹೆಚ್ಚು, ಅದು ನಿಜ. ಆದ್ರೆ ಹಾಗೆ ಮದುವೆಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಚೆನ್ನಾಗಿದಾರೆ. ದೀಪಿಕಳಲ್ಲಿ ಕಾಣ್ತಿರೋದು ಆಟಿಸಂ. ಸಂಬಂಧವೇ ಇಲ್ಲದ ತಂದೆ ತಾಯಿಗೂ ಇಂಥ ಮಕ್ಕಳು ಹುಟ್ತಾರೆ. ಒಂದೇ ಕಾರಣ ಅಂತ ಇರಲ್ಲ. ಈ ಮಗುವಿಗೆ ಯಾಕೆ ಅಂತ ರಕ್ತ ಪರೀಕ್ಷೆ ಮಾಡಿ ನೋಡ್ತೀವಿ. ಆಗ್ಲೂ ಗೊತ್ತಾಗದೇ ಇರಬಹುದು."

ಅಂಕಮ್ಮ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು, ನಿನ್ನ ತಪ್ಪಿಲ್ಲ ಎಂದರೆ ಅಳುವುದಕ್ಕೂ ಸಿದ್ಧವಾಗಿದ್ದಳು. ಗೊತ್ತಿಲ್ಲ ಎಂಬುದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ.

"ಮಾತಾಡ್ತಾಳಾ ಮೇಡಂ?" ಎಂದಳು ಕವಿತ.

"ಅದನ್ನೂ ಈಗಲೇ ಹೇಳಕ್ಕಾಗಲ್ಲ. ಕೆಲವರು ಮಾತಾಡ್ತಾರೆ, ಕೆಲವರು ಬೇರೆ ಥರ ಹೇಳೋದನ್ನ ಕಲೀತಾರೆ. ಈ ವಯಸ್ಸಲ್ಲಿ ಮೆದುಳು ಇನ್ನೂ ದಾರಿ ಮಾಡ್ಕೊಳ್ತಾ ಇರುತ್ತೆ. ಕಾರಣ ಸಿಗೋ ತನಕ ಕಾಯೋದು ಬೇಡ, ಇವತ್ತೇ ಶುರು ಮಾಡೋಣ. ವಾರಕ್ಕೊಮ್ಮೆ ನೀವು ಮಂಡ್ಯಕ್ಕೆ ತರಬೇತಿಗೆ ಹೋಗಿ. ಉಳಿದ ದಿನ ಮನೇಲಿ ಮಾಡಿಸಬೇಕು. ಇಷ್ಟವಾದ ತಿಂಡಿಯನ್ನ ಎದುರಿಗೆ ಹಿಡಿದು, ಮಗು ಕಣ್ಣಲ್ಲೋ ಕೈಯಲ್ಲೋ ಸದ್ದಲ್ಲೋ ಕೇಳೋ ತನಕ ಕಾಯಬೇಕು. ಅಳಿಸಬಾರದು. ಕೇಳಿದ ಕೂಡಲೇ ಕೊಡಬೇಕು. ಮನೇಲಿ ದಿನವಿಡೀ ಯಾರಿರ್ತಾರೆ?"

ಕವಿತ ಅಂಕಮ್ಮನ ಕಡೆ ನೋಡಲಿಲ್ಲ. "ಅಜ್ಜಿ," ಎಂದಳು. "ಬೇರೆ ಯಾರೂ ಇಲ್ಲ."

ವಾಪಸು ಬರುವಾಗ ಮದ್ದೂರಿನ ಸ್ಟೇಷನ್ನಿನಲ್ಲಿ ಅವಳು ಅಜ್ಜಿಯ ಎದುರಿಗೆ ಬಂದು ನಿಂತಳು. "ಕೂಸ್ನ ನಿನ್ ಕೈಗೆ ಬಿಡ್ತೀನಿ. ಆದ್ರೆ ಸಂಜೆ ನಾನ್ ಬಂದಾಗ ಆದದ್ದ ಆದಂಗೆ ಹೇಳ್ಬೇಕು. ನಂಗೆ ಸಂತೋಸ ಆಗ್ಲಿ ಅಂತ ಒಂದ್ ಮಾತು ಜಾಸ್ತಿ ಹೇಳಿದ್ರೂ ನಾನು ಇವ್ಳ ಕರ್ಕಂಡು ಮಳವಳ್ಳಿಗೆ ಹೋಯ್ತೀನಿ."

"ಊಂ," ಎಂದಳು ಅಂಕಮ್ಮ.

ಅಂಕಮ್ಮ ಮಗುವಿನ ಎದುರು ಕೂತು ಅದಕ್ಕೆ ಇಷ್ಟವಾದ ಕಡಲೆಪುರಿ ಹಿಡಿಯತೊಡಗಿದಳು. ಇಷ್ಟು ದಿನ ಮಗು ಹಸಿಯುವ ಮೊದಲೇ ಉಣ್ಣಿಸಿ ಅಭ್ಯಾಸವಾಗಿದ್ದವಳಿಗೆ ಕೊಡದೆ ಕಾಯುವುದು ಎಮ್ಮೆಯ ಮುಂದೆ ಹುಲ್ಲು ಹಿಡಿದು ಹಿಂದಕ್ಕೆಳೆದ ಹಾಗೆ ಪಾಪದ ಕೆಲಸ ಅನ್ನಿಸಿತು. ಆದರೂ ಕಾದಳು. ಒಮ್ಮೆ ಹೀಗೆ ಕೂತಿದ್ದಾಗ ಮರಿಸಿದ್ದಯ್ಯ ಎಂಬ ನೆಂಟ ಬಂದು, ತನ್ನ ಮಗನಿಗೆ ತನ್ನ ಮಗಳ ಮಗಳನ್ನೇ ತರಬಹುದೇ ಎಂದು ಕೇಳಿದ.

"ನಂಗ್ ಗೊತ್ತಿಲ್ಲ ಕಣಪ್ಪ," ಎಂದಳು ಅಂಕಮ್ಮ.

"ನಿಂಗೇ ಗೊತ್ತಿಲ್ಲ ಅಂದ್ರೆ ಎಂಗಕ್ಕ?"

"ಡಾಕ್ಟ್ರಿಗೇ ಪೂರ್ತಿ ಗೊತ್ತಿಲ್ವಂತೆ. ಆದ್ರೂ ಓಗಿ ಅವ್ರನ್ನೇ ಕೇಳು. ಮಾತಾಡಿಸ್ಬ್ಯಾಡ, ಕೂಸು ಇತ್ತಗೆ ನೋಡಾಂಗದೆ."

ಕೂಸು ಇತ್ತಗೆ ನೋಡಲಿಲ್ಲ. ಸಂಜೆ ಕವಿತ ಬಂದು ಬ್ಯಾಗು ಇಳಿಸಿ ಕೇಳಿದಳು. "ಏನಾಯ್ತು?"

"ಏನೂ ಇಲ್ಲ."

ಮಾರನೆಯ ಸಂಜೆಯೂ ಏನೂ ಇಲ್ಲ ಅಂದಳು. ಮಳೆಗಾಲ ಮುಗಿಯುವ ತನಕ ದಿನವೂ ಅದೇ ಮಾತು. ಎಷ್ಟೋ ಸಂಜೆ ಕವಿತಳ ಮುಖ ನೋಡಿ ಏನಾದರೂ ಒಂದು ಸೇರಿಸಿ ಹೇಳಬೇಕು ಎಂದು ಅಂಕಮ್ಮನ ನಾಲಿಗೆ ತುದಿಗೆ ಬರುತ್ತಿತ್ತು. ಅದನ್ನು ಎಲೆಯಡಿಕೆಯ ಜೊತೆ ಅಗಿದು ನುಂಗುತ್ತಿದ್ದಳು.

ಒಂದು ಸಂಜೆ ಕವಿತ ಬಾಗಿಲಿಗೆ ಬಂದಾಗ ಅಂಕಮ್ಮ ಪುರಿಯ ಬಟ್ಟಲು ಹಿಡಿದು ನಿಂತೇ ಇದ್ದಳು.

"ಇವತ್ತು ನನ್ ಕೈಯ ಮಣಿಕಟ್ಟಲ್ಲಿ ಇಡ್ದು ಬಾಯ್ ಅತ್ರ ಎಳ್ಕತ್ತು. ಮಖ ನೋಡ್ಲಿಲ್ಲ. ಸದ್ದು ಮಾಡ್ಲಿಲ್ಲ. ಒಂದೇ ಸಲ."

ಕವಿತ ಅಲ್ಲೇ ನಿಂತಳು. "ನಿಜವಾ ಅಜ್ಜಿ? ಕೇಳಕ್ಕೇ ಎಳೀತಾ?"

ಅಂಕಮ್ಮ ತನ್ನ ಮಣಿಕಟ್ಟು ನೋಡಿಕೊಂಡಳು. "ಕೈ ಮ್ಯಾಲೆ ನೊಣ ಕುಂತಿತ್ತು ಕಣವ್ವ. ಪುರಿ ಕೇಳಕ್ಕೆ ಎಳೀತೋ, ನೊಣ ನೋಡಕ್ಕೆ ಎಳೀತೋ, ನಾ ಯೋಳಾರೆ."

ಕವಿತ ಚಪ್ಪಲಿ ಬಿಟ್ಟು ಒಳಗೆ ಬಂದು, ಎಷ್ಟೋ ದಿನದ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತಳು. ಬಟ್ಟಲಿನಿಂದ ಒಂದು ಹಿಡಿ ಪುರಿ ತೆಗೆದು ತಾನೇ ತಿಂದಳು.

"ನಾಳೆ ನೊಣ ಇಲ್ದಿರೋ ಕಡೆ ಕೂರ್ಸಿ ನೋಡು," ಎಂದಳು.